ಬಣ್ಣದ ಮರದಚ್ಚು: ಮೊದಲು ಹಾಳೆ ಒದ್ದೆ ಮಾಡಲು ಕಲಿಯಿರಿ

ಪ್ರಶ್ನೆ: ಎರಡು ವರ್ಷದಿಂದ ಲಿನೋದಲ್ಲಿ, ಅಂದರೆ ಮೆತ್ತಗೆ ಕೆತ್ತಲು ಬರುವ ಲಿನೋಲಿಯಂ ಹಾಳೆಯಲ್ಲಿ, ಕಪ್ಪು-ಬಿಳುಪು ಅಚ್ಚು ಮಾಡುತ್ತಿದ್ದೇನೆ. ಈಗ ಬಣ್ಣದ ಮರದಚ್ಚು ಕಲಿಯುವ ಆಸೆ. ಪ್ಲೈವುಡ್‌ನಲ್ಲಿ ಮೂರು ಅಚ್ಚು ಕೆತ್ತಿದೆ. ಒಂದು ಕಪ್ಪು ಗೆರೆಗೆ, ಎರಡು ಬಣ್ಣಕ್ಕೆ. ಹಾಳೆಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು, ನೀರಿನ ಬಣ್ಣ ಹಚ್ಚಿ ಕೈಯಲ್ಲೇ ಉಜ್ಜಿ ಒತ್ತಿದೆ. ಮೊದಲ ನಾಲ್ಕೈದು ಪ್ರತಿ ಪರವಾಗಿಲ್ಲ. ಆಮೇಲೆ ಬಣ್ಣ ಗೆರೆ ದಾಟಿ ಆಚೆ ಹೋಗುತ್ತದೆ. ಸಮನಾಗಿ ಕೂರದೆ ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ನನ್ನ ಉಳಿಗಳು ಅಗ್ಗದವು. ಒಳ್ಳೆಯ ಸೆಟ್ ಕೊಂಡರೆ ಸರಿಹೋಗುತ್ತಾ? ಅಥವಾ ಎಣ್ಣೆ ಶಾಯಿಗೆ ಹೋಗಬೇಕಾ? ಗುರು ಇಲ್ಲದೆ ಇದನ್ನು ಕಲಿಯಬಹುದಾ, ಎಷ್ಟು ಕಾಲ ಹಿಡಿಯುತ್ತದೆ?

ಉತ್ತರ: ಸದ್ಯಕ್ಕೆ ಉಳಿ ಕೊಳ್ಳಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ: ಮೊದಲ ನಾಲ್ಕೈದು ಪ್ರತಿ ಪರವಾಗಿಲ್ಲ ಅಂದಿರಿ. ಕೆತ್ತನೆ ತಪ್ಪಿದ್ದರೆ ಮೊದಲ ಪ್ರತಿಯಲ್ಲೇ ಗೊತ್ತಾಗುತ್ತಿತ್ತು. ಐದು ಪ್ರತಿ ತೆಗೆಯುವಷ್ಟರಲ್ಲಿ ಅಚ್ಚಿನ ಆಕಾರ ಬದಲಾಗುವುದಿಲ್ಲ. ಬದಲಾಗುತ್ತಿರುವುದು ಹಾಳೆ. ನೀವು ಒಂದೊಂದೇ ಪ್ರತಿ ತೆಗೆಯುತ್ತಿದ್ದರೆ ಉಳಿದ ಹಾಳೆಗಳು ಪಕ್ಕದಲ್ಲಿ ಕೂತು ಒಣಗುತ್ತಿವೆ. ಒಣಗಿದ ಹಾಗೆ ಕುಗ್ಗುತ್ತಿವೆ. ಚುಕ್ಕಿ ಬರುವುದಕ್ಕೂ ಮುಕ್ಕಾಲು ಪಾಲು ಅದೇ ಕಾರಣ.

ಲಿನೋದಿಂದ ಬಂದವರು ಎಡವುವುದೇ ಇಲ್ಲಿ. ಒಂದೇ ಅಚ್ಚು, ಒಂದೇ ಬಣ್ಣ, ಒಣ ಹಾಳೆ ಇದ್ದಾಗ ಹಾಳೆಯ ಬಗ್ಗೆ ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಪೂರ್ತಿ ಗಮನ ಉಳಿಯ ಮೇಲೆ. ಬಣ್ಣದ ಮರದಚ್ಚಿಗೆ ಬಂದಾಗಲೂ ಕೆತ್ತನೆಯೇ ವಿದ್ಯೆ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಕೇಳಿದರೆ ಕೆತ್ತನೆ ಮೂರರಲ್ಲಿ ಒಂದು ಪಾಲು ಅಂತೀನಿ. ಉಳಿದದ್ದೆಲ್ಲ ನೀರಿನ ಲೆಕ್ಕ. ಹಾಳೆಯಲ್ಲಿ ಎಷ್ಟು, ಮರದಲ್ಲಿ ಎಷ್ಟು, ಬ್ರಷ್ಷಿನಲ್ಲಿ ಎಷ್ಟು.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ನೀವು ಬಳಸುವ ಹಾಳೆಯ ಮೇಲೆ ಪೆನ್ಸಿಲ್‌ನಿಂದ ಉದ್ದಕ್ಕೆ 200 ಮಿಲಿಮೀಟರ್ ಗೆರೆ ಎಳೆಯಿರಿ, ಅಡ್ಡಕ್ಕೂ ಅಷ್ಟೇ ಉದ್ದದ್ದು ಎಳೆಯಿರಿ. ಹಾಳೆಯನ್ನು ಚೆನ್ನಾಗಿ ತೇವ ಮಾಡಿ, ಹತ್ತು ನಿಮಿಷ ಬಿಟ್ಟು ಅದೇ ಸ್ಕೇಲಿನಲ್ಲಿ ಮತ್ತೆ ಅಳೆಯಿರಿ. ಒಂದು ಗೆರೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಇನ್ನೊಂದು ಎರಡು ಮಿಲಿಮೀಟರ್‌ವರೆಗೂ ಹಿಗ್ಗಿರಬಹುದು. ಕಾಗದದ ನಾರು ನೀರು ಕುಡಿದಾಗ ದಪ್ಪವಾಗುತ್ತದೆ, ಉದ್ದವಾಗುವುದು ತುಂಬಾ ಕಡಿಮೆ. ಹಾಗಾಗಿ ನಾರು ಯಾವ ಕಡೆ ಮಲಗಿದೆಯೋ ಅದಕ್ಕೆ ಅಡ್ಡವಾಗಿ ಹಾಳೆ ಹಿಗ್ಗುತ್ತದೆ. ನಿಮ್ಮ ಕಪ್ಪು ಗೆರೆಯ ದಪ್ಪ ಎಷ್ಟು? ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಎರಡು ಮಿಲಿಮೀಟರ್ ಕುಗ್ಗುವ ಹಾಳೆಯ ಮುಂದೆ ಎಂಥ ಉಳಿ ಇದ್ದರೇನು?

ಈಗ ನಿಮ್ಮ ಕೆಟ್ಟ ಪ್ರತಿಗಳನ್ನು ತೆಗೆದುಕೊಂಡು ಸಾಲಾಗಿ ಹರಡಿ. ಗುರುತಿನ ಮೂಲೆ, ಅಂದರೆ ಹಾಳೆಯನ್ನು ತಾಗಿಸಿ ಕೂರಿಸುವ ಮೂಲೆ ಯಾವುದು ಅಂತ ನೋಡಿಕೊಳ್ಳಿ. ಆ ಮೂಲೆಯ ಹತ್ತಿರ ಬಣ್ಣ ಸರಿಯಾಗಿ ಕೂತು, ದೂರ ಹೋದ ಹಾಗೆ ಗೆರೆ ದಾಟಿ ಹೊರಕ್ಕೆ ಚಾಚಿದೆಯಾ? ಹಾಗಿದ್ದರೆ ಹಾಳೆ ಕುಗ್ಗಿದೆ. ಗೆರೆಯನ್ನು ಒತ್ತಿದಾಗ ಹಾಳೆ ದೊಡ್ಡದಿತ್ತು. ಬಣ್ಣ ಒತ್ತುವಾಗ ಹಾಳೆ ಕುಗ್ಗಿತ್ತು, ಅದರ ಜೊತೆ ಗೆರೆಯೂ ಕುಗ್ಗಿತ್ತು. ಅಚ್ಚು ಮಾತ್ರ ಅಷ್ಟೇ ಇತ್ತು. ಬಣ್ಣ ಎಲ್ಲ ಪ್ರತಿಯಲ್ಲೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಸರಿದಿದ್ದರೆ ತಪ್ಪು ಗುರುತಿನದು. ಒಂದೊಂದು ಪ್ರತಿಯಲ್ಲಿ ಒಂದೊಂದು ಕಡೆ ಹೋಗಿದ್ದರೆ ತಪ್ಪು ಕೈಯದು, ಹಾಳೆ ಇಡುವಾಗ ಅವಸರ ಮಾಡಿದ್ದೀರಿ. ನಿಮ್ಮದು ಮೊದಲನೆಯದೇ ಅಂತ ನನ್ನ ಊಹೆ. ಜೊತೆಗೆ ಮೂರನೆಯದೂ ಸ್ವಲ್ಪ ಇದ್ದೀತು, ಅದು ಎಲ್ಲರಿಗೂ ಇರುತ್ತದೆ.

ಪರಿಹಾರಕ್ಕೆ ಖರ್ಚೇನಿಲ್ಲ. ಬೇಕಾದ್ದು ಹಳೆಯ ನ್ಯೂಸ್‌ಪ್ರಿಂಟ್ ಕಾಗದ, ಅಗಲವಾದ ಬ್ರಷ್, ಒಂದು ಪ್ಲಾಸ್ಟಿಕ್ ಹಾಳೆ, ಒಂದು ಸಪಾಟು ಹಲಗೆ. ಅಚ್ಚು ಹಾಕುವ ಹಿಂದಿನ ರಾತ್ರಿ ನ್ಯೂಸ್‌ಪ್ರಿಂಟಿನ ಒಂದು ಹಾಳೆ ಬಿಟ್ಟು ಒಂದು ಹಾಳೆಗೆ ನೀರು ಸವರಿ. ಸುರಿಯಬೇಡಿ, ಸವರಿ. ಒದ್ದೆಯದು, ಒಣದು, ಒದ್ದೆಯದು, ಒಣದು ಅಂತ ಪೇರಿಸಿ ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲ ಒಂದೇ ಹದಕ್ಕೆ ಬರುತ್ತವೆ. ಆಮೇಲೆ ಅವುಗಳ ನಡುವೆ ನಿಮ್ಮ ಅಚ್ಚಿನ ಹಾಳೆಗಳನ್ನು ಇಟ್ಟು, ಇಡೀ ಕಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೇಲೆ ಹಲಗೆ ಹೇರಿ ಮಲಗಿ. ಬೆಳಿಗ್ಗೆ ಒಂದು ಹಾಳೆ ತೆಗೆದು ಕೆನ್ನೆಗೆ ತಾಗಿಸಿ. ತಣ್ಣಗಿರಬೇಕು, ಆದರೆ ಒದ್ದೆ ಅನ್ನಿಸಬಾರದು. ಬೆಳಕಿಗೆ ಓರೆಯಾಗಿ ಹಿಡಿದರೆ ಎಲ್ಲೂ ನೀರಿನ ಹೊಳಪು ಇರಬಾರದು. ಒಂದು ಮೂಲೆ ಹಿಡಿದು ಎತ್ತಿದರೆ ಹಾಳೆ ಒಗೆದ ಬಟ್ಟೆಯ ಹಾಗೆ ಜೋತು ಬೀಳಬಾರದು. ಬೆರಳಿಗಿಂತ ಕೆನ್ನೆ ಇದನ್ನು ಚೆನ್ನಾಗಿ ಹೇಳುತ್ತದೆ. ಯಾಕೋ ಗೊತ್ತಿಲ್ಲ, ಆದರೆ ನಾನು ಇಷ್ಟು ವರ್ಷ ಕೆನ್ನೆಯನ್ನೇ ನಂಬಿದ್ದೇನೆ.

ಇಲ್ಲಿ ಒಂದೇ ಕಟ್ಟುನಿಟ್ಟು. ಮೊದಲ ಅಚ್ಚಿನಿಂದ ಕೊನೆಯ ಅಚ್ಚಿನವರೆಗೆ ಹಾಳೆ ಒಣಗಲೇಬಾರದು. ಒಂದು ಹಾಳೆಯನ್ನು ಕಟ್ಟಿನಿಂದ ತೆಗೆಯಿರಿ, ಒತ್ತಿ, ತಕ್ಷಣ ಇನ್ನೊಂದು ಒದ್ದೆ ಕಟ್ಟಿನೊಳಗೆ ಸೇರಿಸಿ. ತೆಳು ಬಣ್ಣ ಹಾಳೆಯೊಳಕ್ಕೆ ಇಳಿದಿರುತ್ತದೆ, ಮೇಲಿನ ಹಾಳೆಗೆ ಮೆತ್ತುವುದಿಲ್ಲ. ಊಟಕ್ಕೆ ಏಳುವಾಗ ಪ್ಲಾಸ್ಟಿಕ್ ಮುಚ್ಚಿ ಏಳಿ. ನಾನು ಮೊದಲ ಸಲ ಹದಿನೆಂಟು ಹಾಳೆ ಒತ್ತಿದಾಗ, ಗೆರೆ ಅಚ್ಚು ಮುಗಿದ ಖುಷಿಗೆ ಎಲ್ಲವನ್ನೂ ಹಗ್ಗಕ್ಕೆ ನೇತುಹಾಕಿ ಒಂದು ಗಂಟೆ ಆಚೆ ಹೋಗಿ ಬಂದೆ. ಬಂದು ಕೆಂಪು ಅಚ್ಚು ಒತ್ತಿದರೆ ಒಂದೂ ಕೂರಲಿಲ್ಲ. ಮತ್ತೆ ಒದ್ದೆ ಮಾಡಿ ನೋಡಿದೆ. ಒಂದು ಹಾಳೆ ಮೊದಲಿನಷ್ಟು ಹಿಗ್ಗಿತು, ಇನ್ನೊಂದು ಹಿಗ್ಗಲಿಲ್ಲ. ಹದಿನೆಂಟರಲ್ಲಿ ಉಳಿದದ್ದು ಎರಡು. ಅವತ್ತು ನಾನು ಬೈದದ್ದು ಉಳಿಯನ್ನೇ.

ಹಾಳೆ ಹೀಗೆ ತೇವದಲ್ಲಿ ಮೂರು ನಾಲ್ಕು ದಿನಕ್ಕಿಂತ ಜಾಸ್ತಿ ಇದ್ದರೆ ಬೂಸ್ಟು ಹಿಡಿಯುತ್ತದೆ, ಸೆಖೆಯ ದಿನಗಳಲ್ಲಿ ಇನ್ನೂ ಬೇಗ. ಕೆಲಸ ನಿಲ್ಲಿಸಬೇಕಾಗಿ ಬಂದರೆ ಇಡೀ ಕಟ್ಟನ್ನು ಪ್ಲಾಸ್ಟಿಕ್ ಸಮೇತ ಫ್ರೀಜರ್‌ನಲ್ಲಿಡಿ. ಮನೆಯವರು ನಗುತ್ತಾರೆ, ನಗಲಿ.

ಇನ್ನು ಚುಕ್ಕಿಯ ವಿಷಯ. ಜಪಾನಿನ ಅಚ್ಚುಗಾರರು ಇದಕ್ಕೆ ಹೆಸರೇ ಇಟ್ಟಿದ್ದಾರೆ: ಗೋಮಾ-ಜುರಿ, ಅಂದರೆ ಎಳ್ಳಿನ ಮುದ್ರಣ. ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ ಅಂತ. ಅವರು ಬೇಕೆಂದೇ ಇದನ್ನು ತರಿಸುವುದೂ ಉಂಟು, ಕಲ್ಲುಗೋಡೆ, ಮಂಜು ಇಂಥ ಕಡೆ. ಅಂದರೆ ಇದು ಹೇಗೆ ಬರುತ್ತದೆ ಅಂತ ತಿಳಿದರೆ ಹೇಗೆ ಹೋಗುತ್ತದೆ ಅಂತಲೂ ತಿಳಿದ ಹಾಗೆ. ಅಂಟು ಕಡಿಮೆಯಾದರೆ, ಒತ್ತಡ ಕಡಿಮೆಯಾದರೆ, ಹಾಳೆಯೋ ಮರವೋ ಒಣಗಿದ್ದರೆ ಎಳ್ಳು ಬೀಳುತ್ತದೆ. ನೀವು ಅಂಟಿನ ಮಾತೇ ಎತ್ತಿಲ್ಲ. ಬರೀ ನೀರಿನ ಬಣ್ಣ ಹಚ್ಚಿದ್ದೀರಿ ಅನ್ನಿಸುತ್ತದೆ, ಅಲ್ವಾ?

ಅಕ್ಕಿ ಹಿಟ್ಟನ್ನು ನೀರಿನಲ್ಲಿ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಬೇಯಿಸಿ ಗಂಜಿಯಂಥ ಅಂಟು ಮಾಡಿಕೊಳ್ಳಿ. ಗಂಟಿರಬಾರದು, ಬಟ್ಟೆಯಲ್ಲಿ ಸೋಸಿ. ಈಗ ಅಚ್ಚಿನ ಮೇಲೆ ಬಣ್ಣದ ಎರಡು ಮೂರು ಹನಿ ಹಾಕಿ, ಪಕ್ಕದಲ್ಲಿ ಬಟಾಣಿಗಿಂತ ಚಿಕ್ಕ ಅಂಟಿನ ಉಂಡೆ ಇಡಿ. ಬ್ರಷ್‌ನಿಂದ ಎರಡನ್ನೂ ಅಚ್ಚಿನ ಮೇಲೇ ಬೆರೆಸಿ, ಮೊದಲು ಸುತ್ತಿ ಸುತ್ತಿ ಹರಡಿ, ಕೊನೆಗೆ ಮರದ ಎಳೆ ಇರುವ ಕಡೆಗೇ ಹಗುರವಾಗಿ ಎಳೆದು ಮುಗಿಸಿ. ಬಣ್ಣದ ಪುಡಿ ಮರಕ್ಕೂ ಹಾಳೆಗೂ ಸಮನಾಗಿ ಹರಡುವಂತೆ ಮಾಡುವುದು ಈ ಅಂಟು. ತೀರಾ ಕಡಿಮೆಯಾದರೆ ಎಳ್ಳು. ತೀರಾ ಜಾಸ್ತಿಯಾದರೆ ಬಣ್ಣ ಅಂಚಿಗೆ ಹರಿದು, ಆಕಾರದ ಸುತ್ತ ಗಾಢವಾದ ಅಂಚು ಕಟ್ಟುತ್ತದೆ. ಅಚ್ಚನ್ನು ಓರೆಯಾಗಿ ನೋಡಿ. ಕೆರೆಯ ನೀರಿನ ಹಾಗೆ ಹೊಳೆದರೆ ಬಣ್ಣ ಜಾಸ್ತಿ. ಆಗ ತಾನೇ ಒರೆಸಿದ ನೆಲದ ಹಾಗೆ ಮಂಕಾಗಿ ಪಸೆ ಇದ್ದರೆ ಸರಿ. ಪುಸ್ತಕ ಎಷ್ಟು ಓದಿದರೂ ಈ ಹೊಳಪು ಕಣ್ಣಿಗೆ ಹತ್ತುವುದಿಲ್ಲ. ಐವತ್ತು ಹಾಳೆ ಒತ್ತಿದ ಮೇಲೆ ತಾನಾಗಿ ಹತ್ತುತ್ತದೆ.

ಬ್ರಷ್ಷಿಗೆ ಶೂ ಪಾಲಿಶ್ ಮಾಡುವ ಕುದುರೆ ಕೂದಲಿನ ಹೊಸ ಬ್ರಷ್ ಸಾಕು. ಜಪಾನಿನಲ್ಲಿ ಬ್ರಷ್ಷಿನ ಕೂದಲ ತುದಿಯನ್ನು ಸ್ವಲ್ಪ ಸುಟ್ಟು, ಶಾರ್ಕ್ ಮೀನಿನ ಚರ್ಮದ ಮೇಲೆ ಉಜ್ಜಿ ಮೆದು ಮಾಡುತ್ತಾರೆ. ಉದ್ದೇಶ ಇಷ್ಟೇ, ಬ್ರಷ್ಷಿನ ಗೀರು ಅಚ್ಚಿನ ಮೇಲೆ ಉಳಿಯಬಾರದು. ನೀವು ಒದ್ದೆ ಸ್ಯಾಂಡ್‌ಪೇಪರ್ ಮೇಲೆ ಉಜ್ಜಿಕೊಳ್ಳಬಹುದು. ಮೊದಲ ಪ್ರತಿಗೆ ಮುಂಚೆ ಅಚ್ಚನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಮರ ಬಣ್ಣದ ನೀರನ್ನೆಲ್ಲ ಕುಡಿದುಬಿಡುತ್ತದೆ. ಹೀಗೆ ಮಾಡಿದರೂ ಮೊದಲ ಮೂರು ನಾಲ್ಕು ಪ್ರತಿ ಪೇಲವ ಬರುತ್ತವೆ. ಅದಕ್ಕೆ ಅಂತಲೇ ಅಗ್ಗದ ನಾಲ್ಕು ಹಾಳೆ ಇಟ್ಟುಕೊಳ್ಳಿ.

ಉಜ್ಜಲು ಏನು ಬಳಸಿದ್ದೀರಿ ಅಂತ ನೀವು ಬರೆದಿಲ್ಲ. ಲಿನೋದವರು ಸಾಮಾನ್ಯವಾಗಿ ಚಮಚ ಬಳಸುತ್ತಾರೆ. ಗೆರೆಗೆ ಚಮಚ ನಡೆಯುತ್ತದೆ, ಅಂಗೈ ಅಗಲದ ಬಣ್ಣಕ್ಕೆ ಕಷ್ಟ. ಬಾರೆನ್ ಅನ್ನುವ ತಟ್ಟೆಯಾಕಾರದ ಸಾಧನ ಇದಕ್ಕೇ ಇರುವುದು. ಹಳೆಯ ಕ್ರಮದ ಬಾರೆನ್‌ನ ಒಳಗೆ ಬಿದಿರಿನ ಹೊರಪೊರೆಯಿಂದ ಹೊಸೆದ ಹುರಿಯನ್ನು ಚಕ್ಕುಲಿಯ ಹಾಗೆ ಸುತ್ತಿರುತ್ತಾರೆ. ಆ ಹುರಿಯ ಗಂಟುಗಳೇ ಒತ್ತುವ ಬಿಂದುಗಳು. ಇಡೀ ತಟ್ಟೆಯ ಭಾರ ನೂರಾರು ಚಿಕ್ಕ ಗಂಟುಗಳ ಮೇಲೆ ಬೀಳುವುದರಿಂದ ಬಣ್ಣ ಹಾಳೆಯೊಳಕ್ಕೆ ಇಳಿಯುತ್ತದೆ. ಕಲಿಯುವಾಗ ಪ್ಲಾಸ್ಟಿಕ್ಕಿನದೂ ಆದೀತು. ಹಾಳೆಯ ಬೆನ್ನ ಮೇಲೆ ಬೇಕಿಂಗ್ ಪೇಪರ್ ಇಟ್ಟು ಅದರ ಮೇಲೆ ಉಜ್ಜಿ, ಇಲ್ಲದಿದ್ದರೆ ಒದ್ದೆ ಹಾಳೆಯ ನಾರು ಏಳುತ್ತದೆ. ಒತ್ತಡ ಮಣಿಕಟ್ಟಿನಿಂದ ಬರಬಾರದು, ಭುಜದಿಂದ ಬರಬೇಕು. ಕೂತು ಮಾಡುವವರಾದರೆ ಮೇಜು ತಗ್ಗಿರಲಿ, ಮೈಭಾರ ಮೇಲಿಂದ ಬೀಳಲಿ.

ನಿಮ್ಮ ಮೂರು ಅಚ್ಚಿನ ಚಿತ್ರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಎರಡೇ ಅಚ್ಚಿನ ಒಂದು ಪುಟ್ಟ ಚಿತ್ರ ಮಾಡಿ, ಅಂಗೈಗಿಂತ ದೊಡ್ಡದು ಬೇಡ. ನಾನು ಎಲ್ಲರಿಗೂ ಹೇಳುವುದು ಎಲೆ ಸಮೇತ ಒಂದು ನಿಂಬೆಹಣ್ಣು. ಹಳದಿ ಅಚ್ಚಿನಲ್ಲಿ ಹಣ್ಣೂ ಎಲೆಯೂ ಉಬ್ಬಿ ನಿಲ್ಲಲಿ. ನೀಲಿ ಅಚ್ಚಿನಲ್ಲಿ ಹಿನ್ನೆಲೆ ಮತ್ತು ಎಲೆ ನಿಲ್ಲಲಿ, ಹಣ್ಣಿನ ಜಾಗ ಖಾಲಿ. ಹಳದಿಯ ಮೇಲೆ ನೀಲಿ ಬಿದ್ದ ಕಡೆ ಎಲೆ ಹಸಿರಾಗುತ್ತದೆ. ಎರಡು ಅಚ್ಚು, ಮೂರು ಬಣ್ಣ, ಮೇಲೆ ಹಾಳೆಯ ಬಿಳಿ ಬೇರೆ. ಎಲೆಯ ನರಗಳನ್ನು ನೀಲಿ ಅಚ್ಚಿನಲ್ಲಿ ಮಾತ್ರ ಕೆತ್ತಿ ತೆಗೆದರೆ ಹಸಿರು ಎಲೆಯಲ್ಲಿ ಹಳದಿ ನರ ಸಿಗುತ್ತದೆ. ಎರಡರಲ್ಲೂ ತೆಗೆದರೆ ಬಿಳಿ ನರ. ಇದನ್ನು ಒಂದು ಸಲ ಕೈಯಾರೆ ಮಾಡಿದರೆ ಬಣ್ಣ ಬೇರ್ಪಡಿಸುವ ಪಾಠ ಅಲ್ಲೇ ಮುಗಿಯಿತು.

ಹಣ್ಣಿನ ಅಂಚನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹಳದಿ ನಿಲ್ಲುವ ಕಡೆಯೇ ಸರಿಯಾಗಿ ನೀಲಿ ಶುರುವಾಗಬೇಕು ಅಂತ ಕೆತ್ತಿದರೆ, ಕೂದಲೆಳೆಯಷ್ಟು ಸರಿದರೂ ಬಿಳಿ ಸೀಳು ಕಾಣುತ್ತದೆ. ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಅದರ ಬದಲು ಹಳದಿಯನ್ನು ಅರ್ಧ ಮಿಲಿಮೀಟರ್ ನೀಲಿಯ ಕೆಳಗೆ ನುಗ್ಗಿಸಿ. ಹಣ್ಣಿನ ಸುತ್ತ ಸಣ್ಣ ಹಸಿರು ಅಂಚು ಬರುತ್ತದೆ, ನಿಂಬೆಗೆ ಅದು ಒಪ್ಪುತ್ತದೆ ಕೂಡ. ಕಪ್ಪು ಗೆರೆ ಇರುವ ಚಿತ್ರದಲ್ಲಿ ಇದು ಇನ್ನೂ ಸುಲಭ: ಬಣ್ಣದ ಅಂಚು ಗೆರೆಯ ನಟ್ಟನಡುವೆ ಮುಗಿಯಬೇಕು. ಗೆರೆಯ ಅರ್ಧ ದಪ್ಪ ನಿಮಗೆ ಸಿಗುವ ರಿಯಾಯಿತಿ. ನೀವು ಬಹುಶಃ ಬಣ್ಣವನ್ನು ಗೆರೆಯ ಒಳ ಅಂಚಿಗೇ ನಿಲ್ಲಿಸಿದ್ದೀರಿ. ಮಕ್ಕಳಿಗೆ ಬಣ್ಣ ತುಂಬಲು ಕಲಿಸುವಾಗ ಹೇಳುವ ನಿಯಮ ಇಲ್ಲಿ ಉಲ್ಟಾ.

ಗುರುತು ಕೆತ್ತುವ ಕ್ರಮಕ್ಕೆ ಜಪಾನಿನಲ್ಲಿ ಕೆಂಟೊ ಅಂತಾರೆ. ಅಚ್ಚಿನ ಮರದಲ್ಲೇ, ನಿಮಗೆ ಹತ್ತಿರದ ಉದ್ದ ಬದಿಯಲ್ಲಿ, ಬಲ ಮೂಲೆಗೆ ಒಂದು ಮೂಲೆಕಚ್ಚು, ಎಡಕ್ಕೆ ಸ್ವಲ್ಪ ದೂರದಲ್ಲಿ ಒಂದು ನೇರ ಕಚ್ಚು. ಆಳ ಒಂದು ಮಿಲಿಮೀಟರ್ ಸಾಕು. ಹಾಳೆಯ ಬಲ ಮೂಲೆಯನ್ನು ಮೊದಲು ಮೂಲೆಕಚ್ಚಿನಲ್ಲಿ ಕೂರಿಸಿ, ಬೆರಳಿನಲ್ಲಿ ಒತ್ತಿ ಹಿಡಿದು, ಎಡಗೈಯಿಂದ ಅಂಚನ್ನು ನೇರ ಕಚ್ಚಿಗೆ ತಾಗಿಸಿ, ಆಮೇಲೆ ಹಾಳೆಯನ್ನು ನಿಧಾನಕ್ಕೆ ಬಿಡಿ. ಅಚ್ಚೂ ಗುರುತೂ ಒಂದೇ ಮರದಲ್ಲಿರುವುದೇ ಇದರ ಜಾಣತನ. ಮರ ನೀರು ಕುಡಿದು ಸ್ವಲ್ಪ ಹಿಗ್ಗಿದರೂ ಗುರುತು ಜೊತೆಗೇ ಸರಿಯುತ್ತದೆ. ಬೋರ್ಡಿನ ಮೇಲೆ ರಟ್ಟು ಅಂಟಿಸಿ ಮಾಡುವ ಗುರುತಿಗೆ ಈ ಗುಣ ಇಲ್ಲ.

ಎಲ್ಲ ಅಚ್ಚಿನಲ್ಲೂ ಗುರುತು ಒಂದೇ ಜಾಗದಲ್ಲಿ ಬರಬೇಕಲ್ಲ, ಅದಕ್ಕೆ ಸ್ಕೇಲು ಹಿಡಿಯಬೇಡಿ. ಗೆರೆ ಅಚ್ಚನ್ನು ಮೊದಲು ಕೆತ್ತಿ. ಅದರ ಗುರುತುಗಳಿಗೂ ಮಸಿ ಹಚ್ಚಿ, ಗುರುತಿನ ಆಚೆಗೂ ಚಾಚುವ ತೆಳು ಹಾಳೆಯ ಮೇಲೆ ಪ್ರತಿ ತೆಗೆಯಿರಿ. ಬಣ್ಣಕ್ಕೆ ಎಷ್ಟು ಅಚ್ಚು ಬೇಕೋ ಅಷ್ಟು ಪ್ರತಿ. ಹೊಸ ಮರಕ್ಕೆ ಅಂಟು ಸವರಿ, ಪ್ರತಿಯನ್ನು ಮುಖ ಕೆಳಗೆ ಮಾಡಿ ಅಂಟಿಸಿ. ಸ್ವಲ್ಪ ಆರಿದ ಮೇಲೆ ಹಾಳೆಯ ಬೆನ್ನನ್ನು ಬೆರಳಿನಲ್ಲಿ ತಿಕ್ಕಿ ತಿಕ್ಕಿ ಪದರ ಎಬ್ಬಿಸಿದರೆ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಚಿತ್ರದ ಜೊತೆ ಗುರುತೂ ಅಲ್ಲೇ ಬಂದು ಕೂತಿರುತ್ತದೆ. ಕೆತ್ತಿದರೆ ಆಯ್ತು. ನಿಂಬೆಯ ಚಿತ್ರಕ್ಕೆ ಗೆರೆ ಅಚ್ಚು ಇಲ್ಲದ್ದರಿಂದ ಹಳದಿಯನ್ನು ಮೊದಲು ಕೆತ್ತಿ, ಅದರ ಪ್ರತಿಯನ್ನು ನೀಲಿ ಮರಕ್ಕೆ ಅಂಟಿಸಿ. ಒಂದು ಎಚ್ಚರಿಕೆ: ಹಿನ್ನೆಲೆ ತೆರವು ಮಾಡುವ ಭರದಲ್ಲಿ ಗುರುತಿನ ಮೂಲೆಯನ್ನೇ ಕೆತ್ತಿ ಎಸೆಯಬೇಡಿ. ನಾನು ಎಸೆದಿದ್ದೇನೆ, ಒಂದಲ್ಲ ಎರಡು ಸಲ. ಚಿಕ್ಕ ಮರದ ತುಂಡು ಕೂಡಿಸಿ ಅಂಟಿಸಿ ಮತ್ತೆ ಕೆತ್ತಬಹುದು, ಆದರೆ ಇಡೀ ಸಂಜೆ ಹೋಗುತ್ತದೆ.

ಉಳಿಯ ವಿಷಯಕ್ಕೆ ಬರೋಣ, ನಿಮಗೆ ಅದೇ ಕಾಡುತ್ತಿದೆ. ಅಗ್ಗದ ಸೆಟ್ಟಿನ ಹನ್ನೆರಡರಲ್ಲಿ ನಿಮಗೆ ಬೇಕಾದ್ದು ಮೂರು: ಗೆರೆ ಕತ್ತರಿಸಲು ಓರೆ ಬಾಯಿಯ ಚಾಕು, ತೆರವು ಮಾಡಲು ಒಂದು ಅಗಲದ ದುಂಡು ಉಳಿ, ಗೆರೆಯ ಹತ್ತಿರ ಸವರಲು ಒಂದು ಚಿಕ್ಕ ಚಪ್ಪಟೆ ಉಳಿ. ಲಿನೋದವರು ಎಲ್ಲಕ್ಕೂ ವಿ ಆಕಾರದ ಉಳಿ ಹಿಡಿಯುತ್ತಾರೆ. ಪ್ಲೈವುಡ್‌ನಲ್ಲಿ ಎಳೆಗೆ ಅಡ್ಡವಾಗಿ ಅದನ್ನು ಓಡಿಸಿದರೆ ಅಂಚು ಸಿಬಿರೆದ್ದು ಬರುತ್ತದೆ. ಮೊದಲು ಚಾಕುವಿನಿಂದ ಗೆರೆಯ ಎರಡೂ ಬದಿ ಕತ್ತರಿಸಿ. ಚಾಕು ಓರೆಯಾಗಿರಲಿ, ಗೆರೆಯ ಬುಡ ತಲೆಗಿಂತ ಅಗಲವಾಗಿ ನಿಲ್ಲುವ ಹಾಗೆ. ಬುಡ ಕೊರೆದ ಗೆರೆ ಹತ್ತು ಪ್ರತಿಗೇ ಮುರಿದು ಬೀಳುತ್ತದೆ. ಆಮೇಲೆ ಸ್ವಲ್ಪ ಆಚೆಯಿಂದ ಎದುರು ಓರೆಯಲ್ಲಿ ಇನ್ನೊಂದು ಕೊಯ್ತ ಹಾಕಿದರೆ ದಾರದಂಥ ಸಿಪ್ಪೆ ಎದ್ದು ಬರುತ್ತದೆ. ಉಳಿ ಹಿಡಿಯದ ಕೈ ಯಾವಾಗಲೂ ಉಳಿಯ ಬಾಯಿಯ ಹಿಂದೆ ಇರಲಿ.

ಹೊಸ ಉಳಿಯ ದುಡ್ಡನ್ನು ಸಾಣೆಕಲ್ಲಿಗೆ ಹಾಕಿ. 1000 ನಂಬರಿನ ಕಲ್ಲು ಒಂದು, 6000ದ್ದು ಒಂದು, ಹಳೆಯ ಬೆಲ್ಟಿನ ಚರ್ಮದ ತುಂಡು ಒಂದು. ಮೊದಲ ಕಲ್ಲಿನಲ್ಲಿ ಉಜ್ಜಿ, ಬಾಯಿಯ ಹಿಂಬದಿಗೆ ಬೆರಳಾಡಿಸಿದರೆ ಸಣ್ಣ ಮುಳ್ಳಂಚು ತಾಗುವವರೆಗೂ ಬಿಡಬೇಡಿ. ಆಮೇಲೆ ನಯದ ಕಲ್ಲು, ಆಮೇಲೆ ಚರ್ಮ. ಕೆಲಸ ಮಾಡುವಾಗ ಕಾಲು ಗಂಟೆಗೊಮ್ಮೆ ಚರ್ಮಕ್ಕೆ ನಾಲ್ಕು ಸಲ ಎಳೆದರೆ ಕಲ್ಲಿಗೆ ಹೋಗುವ ಅಗತ್ಯ ಕಡಿಮೆ. ಹರಿತವಾದ ಅಗ್ಗದ ಉಳಿ ಮೊಂಡಾದ ದುಬಾರಿ ಉಳಿಗಿಂತ ಚೆನ್ನಾಗಿ ಕತ್ತರಿಸುತ್ತದೆ, ಇದರಲ್ಲಿ ಎರಡು ಮಾತಿಲ್ಲ.

ಮರದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಜಪಾನಿನಲ್ಲಿ ಕಾಡು ಚೆರ್ರಿ ಮರ, ಯುರೋಪಿನಲ್ಲಿ ಪೇರ್ ಮರ ಹಿಂದಿನಿಂದ ಹೆಸರಾದವು. ಎರಡೂ ಗಟ್ಟಿ, ಎಳೆ ಸಣ್ಣ. ಕಲಿಯುವವರಿಗೆ ಬಾಸ್‌ವುಡ್ ಇಲ್ಲವೇ ಬರ್ಚ್ ಮುಖದ ಪ್ಲೈವುಡ್ ಸಾಕು. ಎರಡು ಮುಖದಲ್ಲೂ ಕೆತ್ತಿದರೆ ಒಂದು ಹಲಗೆಗೆ ಎರಡು ಅಚ್ಚು. ಅಂಟು ನೀರಿಗೆ ಬಿಡುವಂಥ ಪ್ಲೈವುಡ್ ಮಾತ್ರ ಬೇಡ, ಒಂದೇ ದಿನದಲ್ಲಿ ಪದರ ಏಳುತ್ತದೆ.

ಎಣ್ಣೆ ಶಾಯಿಗೆ ಹೋಗಬೇಕಾ ಅಂತ ಕೇಳಿದ್ದೀರಿ. ಪ್ರಾಮಾಣಿಕವಾಗಿ ಹೇಳುತ್ತೇನೆ, ಹೋದರೆ ಈ ತೇವದ ಕಾಟ ಬಹುಪಾಲು ತಪ್ಪುತ್ತದೆ. ಒಣ ಹಾಳೆಯ ಮೇಲೆ ರೋಲರ್‌ನಿಂದ ಹಚ್ಚಿ ಒತ್ತಬಹುದು, ಹಾಳೆ ಅಲ್ಲಾಡುವುದಿಲ್ಲ. ಆದರೆ ಒಂದೊಂದು ಬಣ್ಣ ಒಣಗಲು ಒಂದೆರಡು ದಿನ ಕಾಯಬೇಕು, ಬಣ್ಣ ಹಾಳೆಯ ಮೇಲೆ ಪೊರೆಯ ಹಾಗೆ ಕೂರುತ್ತದೆ. ನೀರಿನ ಬಣ್ಣ ಹಾಳೆಯ ಒಳಗೆ ಇಳಿಯುತ್ತದೆ. ಒದ್ದೆ ಬಟ್ಟೆಯಿಂದ ಅಚ್ಚಿನ ಒಂದು ಬದಿ ಒರೆಸಿ, ಬ್ರಷ್ಷಿನ ಒಂದು ಮೂಲೆಗೆ ಮಾತ್ರ ಬಣ್ಣ ಹಿಡಿದು ಅತ್ತಿಂದಿತ್ತ ಎಳೆದರೆ, ಗಾಢ ನೀಲಿ ಮೆಲ್ಲಗೆ ಬಿಳಿಯಲ್ಲಿ ಕರಗುತ್ತದೆ. ಇದೇ ಬೊಕಾಶಿ. ಜಪಾನಿನ ಹಳೆಯ ಅಚ್ಚುಚಿತ್ರಕಾರ ಹಿರೋಶಿಗೆಯ ಆಕಾಶಗಳಲ್ಲಿ ಮೇಲಂಚಿಗೆ ಕಾಣುವ ಆ ನೀಲಿ ಪಟ್ಟಿ ಇದೇ. ನಿಮಗೆ ಅಂಥದ್ದು ಬೇಕಾ, ಅಥವಾ ದಪ್ಪ, ಗಟ್ಟಿ, ಪೋಸ್ಟರ್‌ನಂಥ ಬಣ್ಣ ಬೇಕಾ? ಉತ್ತರ ಎರಡನೆಯದಾದರೆ ಎಣ್ಣೆಗೆ ಹೋಗಿ, ತಪ್ಪೇನಿಲ್ಲ. ಮೊದಲನೆಯದಾದರೆ ತೇವ ಬಿಟ್ಟು ಬೇರೆ ದಾರಿ ಇಲ್ಲ.

ಬಣ್ಣ ಕೂರಿಸುವ ಗೋಳಿನಿಂದಲೇ ತಪ್ಪಿಸಿಕೊಂಡವರೂ ಇದ್ದಾರೆ. ನಾರ್ವೆಯ ಕಲಾವಿದ ಎಡ್ವರ್ಡ್ ಮಂಕ್ ಅಚ್ಚನ್ನೇ ಗರಗಸದಿಂದ ತುಂಡು ಮಾಡಿ, ತುಂಡಿಗೊಂದು ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಒಂದೇ ಸಲಕ್ಕೆ ಒತ್ತುತ್ತಿದ್ದ. ಕಡಲ ದಂಡೆಯಲ್ಲಿ ಬೆನ್ನು ತಿರುಗಿಸಿ ನಿಂತ ಗಂಡು-ಹೆಣ್ಣಿನ 1899ರ ಚಿತ್ರ ಹಾಗೆ ಬಂದದ್ದು. ಅಮೆರಿಕದ ಪ್ರಾವಿನ್ಸ್‌ಟೌನ್‌ನಲ್ಲಿ 1915ರ ಸುಮಾರಿಗೆ ಕಲಾವಿದರು ಇನ್ನೊಂದು ದಾರಿ ಹಿಡಿದರು. ಅಚ್ಚು ಒಂದೇ. ಬಣ್ಣಗಳ ನಡುವೆ ಕಾಲುವೆಯ ಹಾಗೆ ಸಣ್ಣ ಗೀರು. ಹಾಳೆಯ ಒಂದು ಬದಿಯನ್ನು ಅಚ್ಚಿಗೇ ಪಿನ್ ಹೊಡೆದು, ಒಂದೊಂದೇ ಭಾಗಕ್ಕೆ ಬಣ್ಣ ಹಚ್ಚಿ, ಹಾಳೆ ಮಡಚಿ ಉಜ್ಜಿ, ಮತ್ತೆ ಎತ್ತಿ ಮುಂದಿನ ಭಾಗ. ಗೀರು ಬಿಳಿ ಗೆರೆಯಾಗಿ ಉಳಿಯುತ್ತದೆ. ಮೂರು ಅಚ್ಚಿನ ಚಿತ್ರದಿಂದ ಬೇಜಾರಾದ ದಿನ ಇದನ್ನು ಸುಮ್ನೆ ಮಾಡಿ ನೋಡಿ, ಮಜಾ ಇದೆ.

ಗುರು ಇಲ್ಲದೆ ಕಲಿಯಬಹುದಾ? ಕಲಿಯಬಹುದು, ಆದರೆ ಒಂದು ಸಂಗತಿ ತಿಳಿದಿರಲಿ. ಎಡೊದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, 1765ರಲ್ಲಿ ಚಿತ್ರಕಾರ ಸುಜುಕಿ ಹರುನೊಬು ಕಾಲಕ್ಕೆ ಹಲವು ಬಣ್ಣದ ಅಚ್ಚು ರೂಢಿಗೆ ಬಂದಾಗ ಅದು ಒಬ್ಬರ ಕೆಲಸ ಆಗಿರಲಿಲ್ಲ. ಚಿತ್ರ ಬರೆಯುವವನು ಒಬ್ಬ, ಕೆತ್ತುವವನು ಒಬ್ಬ, ಒತ್ತುವವನು ಒಬ್ಬ, ದುಡ್ಡು ಹಾಕಿ ಮಾರುವವನು ಇನ್ನೊಬ್ಬ. ಕೆತ್ತುವವನೂ ಒತ್ತುವವನೂ ಶಿಷ್ಯನಾಗಿ ವರ್ಷಗಟ್ಟಲೆ ಒಂದೇ ಕೆಲಸ ಕಲಿಯುತ್ತಿದ್ದರು. ನೀವು ನೋಡಿ ಆಸೆಪಟ್ಟ ಆ ನಯವಾದ ಪ್ರತಿಗಳು ಮೂರು ಜೊತೆ ಪಳಗಿದ ಕೈಗಳದ್ದು. ಒಬ್ಬರೇ ಮೂರೂ ಮಾಡಬೇಕು ಅನ್ನುವ ಹಟ ಜಪಾನಿನಲ್ಲಿ ಶುರುವಾದದ್ದು ತಡವಾಗಿ. ಯಮಮೊಟೊ ಕನಾಯೆ ಅನ್ನುವ ಕಲಾವಿದ 1904ರಲ್ಲಿ ಒಬ್ಬ ಮೀನುಗಾರನ ಚಿತ್ರವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಒತ್ತಿದ. ಆ ಚಿತ್ರ ಒರಟಾಗಿದೆ, ಅದರಲ್ಲಿ ಜೀವವೂ ಇದೆ. ನಿಮ್ಮ ಅಳತೆಗೋಲು ಅದಾಗಲಿ, ಹರುನೊಬು ಬೇಡ.

ಕಾಲದ ಲೆಕ್ಕ ಹೀಗೆ ಹಾಕಿಕೊಳ್ಳಿ. ವಾರಾಂತ್ಯಕ್ಕೆ ಮಾತ್ರ ಸಮಯ ಇರುವವರು ಎರಡು ಅಚ್ಚಿನ ಪುಟ್ಟ ಚಿತ್ರವನ್ನು ಒಂದು ತಿಂಗಳಲ್ಲಿ ಮುಗಿಸಬಹುದು. ಒಂದು ಅಚ್ಚಿಗೆ ಇಪ್ಪತ್ತು ಪ್ರತಿ ತೆಗೆಯಿರಿ, ಮೂರಕ್ಕೆ ನಿಲ್ಲಿಸಬೇಡಿ. ಹೊಸಬರು ಕೆತ್ತಲು ಮೂರು ವಾರ, ಒತ್ತಲು ಒಂದು ಗಂಟೆ ಕೊಡುತ್ತಾರೆ. ಕೈ ಪಳಗುವುದು ಒತ್ತುವಾಗ. ಪ್ರತಿಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ: ಎಷ್ಟು ಹನಿ, ಎಷ್ಟು ಅಂಟು, ಹಾಳೆ ಎಷ್ಟು ತಣ್ಣಗಿತ್ತು. ಹತ್ತನೆಯ ಪ್ರತಿಯಿಂದ ಮುಂದೆ ಒಂದೇ ತರಹದ ಎರಡು ಪ್ರತಿ ಪಕ್ಕ ಪಕ್ಕ ಬರಲು ಶುರುವಾಗುತ್ತದೆ. ಅಂಥ ಮೂರು ನಾಲ್ಕು ಚಿತ್ರ ಆದ ಮೇಲೆ, ಅಂದಾಜು ಒಂದು ವರ್ಷಕ್ಕೆ, ಐದಾರು ಅಚ್ಚಿನ ಚಿತ್ರಕ್ಕೆ ಕೈ ಹಾಕಬಹುದು.

ಈಗಾಗಲೇ ಕೆತ್ತಿದ ಮೂರು ಅಚ್ಚನ್ನು ಎಸೆಯಬೇಡಿ. ನಿಂಬೆ ಮುಗಿದ ಮೇಲೆ ಅವನ್ನು ಹದವಾದ ತೇವದ ಕಟ್ಟಿನ ಮೇಲೆ ಮತ್ತೊಮ್ಮೆ ಒತ್ತಿ. ಎರಡು ಕೂತು, ಒಂದು ಮಾತ್ರ ಎಲ್ಲ ಪ್ರತಿಯಲ್ಲೂ ಒಂದೇ ಕಡೆ ಸರಿದರೆ ಅದರ ಗುರುತು ತಿದ್ದಬೇಕು. ಹಾಳೆ ಇನ್ನೂ ಹೊರಕ್ಕೆ ಹೋಗಬೇಕಾದರೆ ಕಚ್ಚಿನ ಗೋಡೆಯನ್ನು ಕೂದಲಷ್ಟು ಸವರಿ. ಒಳಕ್ಕೆ ಬರಬೇಕಾದರೆ ಗೋಡೆಗೆ ಒಂದು ಚೂರು ಕಾಗದ ಅಂಟಿಸಿ. ಸಾಲದಿದ್ದರೆ ಅದರ ಮೇಲೆ ಇನ್ನೊಂದು ಚೂರು.